ತೋರ್ಗ್ರಿಮ್ ದೊರೆಗೆ ನಾಲ್ಕು ಮಾತು

ಹೊರಡುವ ದಿನ, ಬೆಸಗರಹಳ್ಳಿ

ಗದೆಯನ್ನು ಸೂಟ್‌ಕೇಸಿನಲ್ಲಿ ಮಲಗಿಸಿದರೆ ಮುಚ್ಚಳ ಕೂರುವುದಿಲ್ಲ. ಓರೆಯಾಗಿ ಇಟ್ಟರೆ ರಾಗಿಹಿಟ್ಟಿನ ಚೀಲಕ್ಕೆ ಜಾಗವಿಲ್ಲ. ಹಿಟ್ಟು ಬಿಡಲು ನಾನು ತಯಾರಿಲ್ಲ, ಗದೆ ಬಿಡಲು ನಮ್ಮೆಜಮಾನರು ತಯಾರಿಲ್ಲ. ಬೆಳಿಗ್ಗೆ ಹಸು ಕರೆದು ಡೈರಿಗೆ ಹಾಲು ಹಾಕಿ ಬಂದಾಗ ಶುರುವಾದ ಈ ಜಗಳ ಮಧ್ಯಾಹ್ನದ ಊಟದ ಹೊತ್ತಿಗೂ ಮುಗಿದಿರಲಿಲ್ಲ.

"ಗದೆ ಇಲ್ದೆ ರಾಜ ಎಂಗಮ್ಮಿ ಆಯ್ತಾನೆ?" ಅಂದರು.

"ಹಿಟ್ಟಿಲ್ದೆ ರಾಜ ಎಂಗೆ ಬದುಕ್ತಾನೆ ಕನ್ರೀ?" ಅಂದೆ.

ಕೊನೆಗೆ ನನ್ನ ಎರಡು ಸೀರೆ ಹೊರಗೆ ಬಂದವು. ಗದೆಯೂ ಹಿಟ್ಟೂ ಒಳಗೆ ಹೋದವು.

ನಮ್ಮ ಕಡೆಯವರಿಗೆ ಗೊತ್ತಿದೆ, ಉಳಿದವರಿಗಾಗಿ ಎರಡು ಮಾತು. ಮಂಡ್ಯ ಸೀಮೆಯಲ್ಲಿ ರೈತರು, ಮೇಷ್ಟ್ರುಗಳು, ಬಸ್ ಕಂಡಕ್ಟರುಗಳು ಎಲ್ಲ ಸೇರಿ ಮೂರು ತಿಂಗಳು ಹಾರ್ಮೋನಿಯಂ ಮುಂದೆ ಕೂತು ಹಾಡು ಕಲಿತು, ಪೌರಾಣಿಕ ನಾಟಕ ಆಡುತ್ತಾರೆ. ನಮ್ಮೆಜಮಾನರು ಸಿದ್ದರಾಜು, ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು, ಹೋದ ವರ್ಷ ರಿಟೈರಾದರು. ಇಪ್ಪತ್ತೆರಡು ವರ್ಷದಿಂದ ಅವರದು ಒಂದೇ ಪಾರ್ಟು, ಕೊನೆಗೆ ತೊಡೆ ಮುರಿದು ಬೀಳುವ ರಾಜನದು. ಅವರ ಉಡುಪಿನ ಜರಿ ಹೊಲಿಯುವುದು, ಬಣ್ಣದ ಕಲೆ ತೊಳೆಯುವುದು, ಕಿರೀಟದ ಹರಳು ಅಂಟಿಸುವುದು ನನ್ನ ಪಾಲು.

ಎರಡು ವರ್ಷದ ಹಿಂದೆ ನಮ್ಮೂರ ನಾಟಕಕ್ಕೆ ನಾರ್ವೆ ದೇಶದ ಸಿಗ್ರಿಡ್ ಅನ್ನುವವರು ಬಂದಿದ್ದರು. ನರ್ಸ್ ಆಗಿದ್ದು ನಿವೃತ್ತರಾದವರು. ತಮ್ಮೂರಿನಲ್ಲಿ ಅವರೇ ನಾಟಕ ಕಲಿಸುತ್ತಾರೆ. ನನ್ನ ಪಕ್ಕ ಚಾಪೆಯಲ್ಲಿ ಕೂತು ಆಟ ಮುಗಿಯುವವರೆಗೂ ನೋಡಿದರು, ಮುದ್ದೆಯನ್ನು ಅಗಿಯಲು ಹೋಗಿ ನಗೆಪಾಟಲಾದರು. ಅವರಿಂದಲೇ ಈ ವರ್ಷ ಕಾಗದ ಬಂತು. ಅವರ ಊರಿನವರು ಪ್ರತಿ ಬೇಸಿಗೆ ಒಬ್ಬ ಹಳೇ ದೊರೆಯ ನಾಟಕ ಆಡುತ್ತಾರಂತೆ. ಬೇರೆ ದೇಶದ ಒಬ್ಬ ಕಲಾವಿದರನ್ನು ಅದರಲ್ಲಿ ಸೇರಿಸಿಕೊಳ್ಳುತ್ತಾರಂತೆ. ಈ ಸಲ ಸಿದ್ದರಾಜು ಬರಬೇಕು. ಟಿಕೆಟ್ಟೂ ಅವರೇ ಕಳಿಸಿದರು.

ಕಾಗದ ಓದಿದ್ದು ಯಜಮಾನರ ಗೆಳೆಯ, ಮದ್ದೂರಿನಲ್ಲಿ ಟೀ ಹೋಟೆಲಿಟ್ಟಿರುವ ಬೋರೇಗೌಡರು. ದೊರೆಯ ನಾಟಕ ಅಂತಿದೆ, ಸಿದ್ದರಾಜು ಬರಬೇಕು ಅಂತಿದೆ. ಮತ್ತೇನು? "ರಾಜನ ಪಾರ್ಟೇ ಕಣ್ಲಾ! ನಿನ್ನ ಅಷ್ಟ್ ದೂರ ಕರ್ಸ್ಕಂಡು ಬಾಗ್ಲು ಕಾಯೋಕ್ ಬುಟ್ಟಾರಾ?" ಅಂದರು. ನನಗೂ ಅದೇ ಸರಿ ಅನ್ನಿಸಿತು. ಎರಡೇ ದಿನಕ್ಕೆ ಸರ್ಕಲ್ಲಿನಲ್ಲಿ ಫ್ಲೆಕ್ಸ್ ನಿಂತಿತು. 'ನಾರ್ವೆಯಲ್ಲಿ ರಾಜನಾಗಲಿರುವ ನಮ್ಮ ಸಿದ್ದರಾಜು.' ಅದರಲ್ಲಿ ನಮ್ಮೆಜಮಾನರ ಹಿಂದೆ ಹಿಮದ ಬೆಟ್ಟ, ಪಕ್ಕದಲ್ಲಿ ಯಾಕೋ ಒಂದು ಹುಲಿ.

ವಿಮಾನದಲ್ಲಿ, ಅದರಿಂದ ಇಳಿದ ಮೇಲೆ

ಕಿರೀಟವನ್ನು ಸೂಟ್‌ಕೇಸಿಗೆ ಹಾಕಲು ಅವರು ಒಪ್ಪಲಿಲ್ಲ. ಡಬ್ಬದಲ್ಲಿಟ್ಟು ಕೈಯಲ್ಲೇ ಹಿಡಿದುಕೊಂಡರು. ಬೆಂಗಳೂರಿನಲ್ಲಿ ತಪಾಸಣೆಯ ಹುಡುಗಿ ಡಬ್ಬ ತೆರೆಸಿ, ನೋಡಿ, ನಕ್ಕು, ಇನ್ನಿಬ್ಬರನ್ನು ಕರೆದು ತೋರಿಸಿದಳು. ನಮ್ಮ ಹಿಂದೆ ಸಾಲು ಬೆಳೆಯುತ್ತಿದ್ದರೂ ಯಾರೂ ಬೈಯಲಿಲ್ಲ, ಕತ್ತು ಚಾಚಿ ನೋಡಿದರು. ನನಗಂತೂ ಮದುವೆ ದಿಬ್ಬಣ ಹೊರಟಷ್ಟು ಸಂಭ್ರಮ.

ಬರ್ಗೆನ್ ಪಟ್ಟಣದಲ್ಲಿ ಇಳಿದಾಗ ಅಲ್ಲಿಯ ಅಧಿಕಾರಿ ಕಿರೀಟ ಕೈಗೆತ್ತಿಕೊಂಡು, ಇದು ಯಾರದು ಅಂತ ಇಂಗ್ಲಿಷಿನಲ್ಲಿ ಕೇಳಿದ.

"ಕಿಂಗ್," ಅಂದರು ಯಜಮಾನರು.

"ಯಾವ ದೇಶದ ಕಿಂಗ್?"

"ಮಂಡ್ಯ."

ಆತ ಕಂಪ್ಯೂಟರಿನಲ್ಲಿ ಮಂಡ್ಯ ಹುಡುಕತೊಡಗಿದ. ನಾನು ಪಿಯುಸಿವರೆಗೆ ಕಲಿತ ಇಂಗ್ಲಿಷನ್ನೆಲ್ಲ ಒಟ್ಟು ಮಾಡಿ, "ಡ್ರಾಮಾ, ಡ್ರಾಮಾ, ಗ್ಲಾಸ್, ನೋ ಗೋಲ್ಡ್" ಅಂದೆ. ಆತ ಎದ್ದು ನಿಂತು ನಮ್ಮೆಜಮಾನರಿಗೆ ತಲೆಬಾಗಿ ದಾರಿ ಬಿಟ್ಟ. ಇವರು ಅದನ್ನು ತಮಾಷೆ ಅಂದುಕೊಳ್ಳಲೇ ಇಲ್ಲ, ಕೈ ಎತ್ತಿ ಹರಸಿ ನಡೆದರು. ಸೂಟ್‌ಕೇಸು ತೆಗೆದು ನೋಡಿದರೆ ಗದೆಯ ಗುಂಡು ಬೇರೆ, ಹಿಡಿ ಬೇರೆ ಆಗಿತ್ತು. ರಾಗಿಹಿಟ್ಟು ಮಾತ್ರ ಒಂದು ಚಿಟಿಕೆಯೂ ಚೆಲ್ಲಿರಲಿಲ್ಲ.

ಅಲ್ಲಿಂದ ಬಸ್ಸು. ಅಲ್ಲಿ ಬಸ್ಸಿನಲ್ಲಿ ಯಾರೂ ಯಾರ ಪಕ್ಕವೂ ಕೂರುವುದಿಲ್ಲ. ಇಬ್ಬರ ಸೀಟಿನಲ್ಲಿ ಒಬ್ಬರು, ಪಕ್ಕದಲ್ಲಿ ಅವರ ಚೀಲ. ಮದ್ದೂರು ಬಸ್ಸಿನಲ್ಲಿ ಮೂವರ ಸೀಟಿನಲ್ಲಿ ನಾಲ್ವರು ಕೂತು ಐದನೆಯವರ ಮಗುವನ್ನು ತೊಡೆಯ ಮೇಲಿಟ್ಟುಕೊಳ್ಳುವ ನಮಗೆ ಇದು ಅರ್ಥವಾಗಲಿಲ್ಲ. ಯಜಮಾನರು ನೇರ ಒಬ್ಬ ಗಡ್ಡದವನ ಪಕ್ಕ ಕೂತು, ಯಾವೂರು, ಏನು ಕೆಲಸ, ಮಕ್ಕಳೆಷ್ಟು ಅಂತ ಕನ್ನಡಕ್ಕೆ ಕೈಸನ್ನೆ ಬೆರೆಸಿ ಶುರು ಮಾಡಿದರು. ಆತನ ಕಿವಿ ಕೆಂಪಾಯಿತು. ಒಂದು ಗಂಟೆ ಕಳೆದು ಆತ ಇಳಿಯುವಾಗ ನೋಡಿದರೆ, ಯಜಮಾನರ ಕೈ ಹಿಡಿದು ಬಿಡಲೊಲ್ಲ. ತನ್ನ ಮೂರನೆಯ ಮಗಳ ಫೋಟೋ ಹುಡುಕುತ್ತಿದ್ದಾನೆ!

ಸಿಗ್ರಿಡ್ ಅವರ ಊರು

ಊರೆಂದರೆ ನಲವತ್ತು ಮನೆ. ಬೆಟ್ಟಗಳ ನಡುವೆ ಸಮುದ್ರ ತೆಪ್ಪಗೆ ಒಳಗೆ ಬಂದು ಕೆರೆಯ ಹಾಗೆ ಮಲಗಿದೆ. ಮನೆಗಳಿಗೆ ಕೆಂಪು ಬಣ್ಣ, ಸೂರಿನ ಮೇಲೆ ಕೆಲವು ಕಡೆ ಹುಲ್ಲು ಬೆಳೆದಿದೆ. "ಅಲ್ಲಿಗೆ ಕುರಿ ಅತ್ತಿಸಿದ್ರೆ ಸೂರಿಗೆ ಸೂರು, ಮೇವಿಗೆ ಮೇವು ಆಯ್ತಿತ್ತು," ಅಂದರು ಯಜಮಾನರು. ಹೇಳಿ ಮುಗಿಸುವಷ್ಟರಲ್ಲಿ ಒಂದು ಸೂರಿನ ಮೇಲಿಂದ ನಿಜಕ್ಕೂ ಕುರಿಯೊಂದು ಇಣುಕಿತು.

ಬಾಗಿಲಲ್ಲಿ ಚಪ್ಪಲಿ ಬಿಡಬೇಕು, ನಮ್ಮ ಹಾಗೆಯೇ. ಅಷ್ಟು ಸಾಕಾಯಿತು, ಅದು ನನಗೆ ನೆಂಟರ ಮನೆಯೇ ಆಗಿಬಿಟ್ಟಿತು. ಕಂದುಬಣ್ಣದ ಒಂದು ಚೀಸು ಕೊಟ್ಟರು. ಬಾಯಿಗಿಟ್ಟರೆ, ಬೆಲ್ಲ ಹಾಕಿದ ಗಿಣ್ಣು ತಳ ಹಿಡಿದ ಹಾಗೆ. ಮೊದಲ ದಿನ ಮುಖ ಕಿವುಚಿದವಳು ಮೂರನೆಯ ದಿನ ಕದ್ದು ತಿಂದೆ. ಒಂದು ಮಧ್ಯಾಹ್ನ ಬಸ್ಸಾರಿಗೆ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದ್ದೇ ತಡ, ಛಾವಣಿಯಲ್ಲಿದ್ದ, ಹೊಗೆ ತಾಕಿದರೆ ಕೂಗುವ ಒಂದು ಬಿಲ್ಲೆ ಕಿರುಚಿಕೊಂಡಿತು. ಅಕ್ಕಪಕ್ಕದವರು ಬೆಂಕಿ ಬಿತ್ತೆಂದು ಬಕೆಟ್ಟು ಹಿಡಿದು ಬಂದರು. ಕೆಮ್ಮುತ್ತಾ ನಿಂತವರು ಕೆಮ್ಮುತ್ತಲೇ ಊಟ ಮಾಡಿ ಹೋದರು.

ನನಗೆ ಕಷ್ಟವಾದದ್ದು ಒಂದೇ. ಮುಸ್ಸಂಜೆ ದೀಪ ಹಚ್ಚುವ ಹೊತ್ತು ಯಾವುದು? ಹತ್ತು ಹೊಡೆದರೂ ಬೆಟ್ಟದ ಮೇಲೆ ಬಿಸಿಲು. ಕೊನೆಗೆ, ನಮ್ಮೂರಲ್ಲಿ ಈಗ ಹಸು ಹಟ್ಟಿಗೆ ಬಂದಿರುತ್ತವೆ ಅಂತ ಲೆಕ್ಕ ಹಾಕಿ, ಅಲ್ಲಿಯ ಮಧ್ಯಾಹ್ನ ಮೂರಕ್ಕೆ ದೀಪ ಹಚ್ಚತೊಡಗಿದೆ. ಸಿಗ್ರಿಡ್ ಏನೂ ಕೇಳಲಿಲ್ಲ. ಎರಡನೆಯ ದಿನದಿಂದ ಆ ಹೊತ್ತಿಗೆ ಕಿಟಕಿಯ ಪರದೆ ಎಳೆದು ಒಂದಿಷ್ಟು ಕತ್ತಲೆ ಮಾಡಿಕೊಡುತ್ತಿದ್ದರು.

ಬುಧವಾರ, ಪಾರ್ಟು ಗೊತ್ತಾದದ್ದು

ನಾಟಕ ಆಡುವ ಜಾಗ ನೀರಿನ ದಡದ ಹುಲ್ಲಿನ ಇಳಿಜಾರು. ಪರದೆ ಇಲ್ಲ, ಮೈಕಿನವನ ಅಬ್ಬರವಿಲ್ಲ, ಬಣ್ಣಬಣ್ಣದ ಸೀನರಿ ಇಲ್ಲ. ನಿಜವಾದ ದೋಣಿ, ನಿಜವಾದ ಕಲ್ಲು, ನಿಜವಾದ ಮಳೆ.

ಸಿಗ್ರಿಡ್ ನಮ್ಮನ್ನು ಕೂರಿಸಿಕೊಂಡು, ನನಗೆ ತಿಳಿಯುವ ಹಾಗೆ ನಿಧಾನದ ಇಂಗ್ಲಿಷಿನಲ್ಲಿ ಕತೆ ಹೇಳಿದರು. ಸುಮಾರು ಎಂಟುನೂರು ವರ್ಷದ ಹಿಂದೆ ಅಲ್ಲೊಬ್ಬ ತೋರ್ಗ್ರಿಮ್ ಅನ್ನುವ ಪಾಳೆಯಗಾರ. ಒಂದು ಕೊಲ್ಲಿಗೆ ದೊರೆ. ಎಲ್ಲ ಕೊಲ್ಲಿಗಳಿಗೂ ತಾನೊಬ್ಬನೇ ದೊರೆಯಾಗಬೇಕೆಂಬ ಹಂಬಲ. ಜನ ಇಷ್ಟಪಡುತ್ತಿದ್ದದ್ದು ಅವನ ತಮ್ಮನನ್ನು. ಆ ತಮ್ಮನನ್ನು ಸೋರುವ ಹಡಗುಗಳಲ್ಲಿ ದಕ್ಷಿಣದ ಯುದ್ಧಕ್ಕೆ ಕಳಿಸುತ್ತಾನೆ. ಬೇಕೆಂದೇ ಕಳಿಸುತ್ತಾನೆ. ತಲೆಯ ಮೇಲೆ ಕಿರೀಟ ಇಟ್ಟುಕೊಳ್ಳುವ ದಿನವೇ ಒಬ್ಬ ದೂತ ಬಂದು, ನಿನ್ನ ತಮ್ಮ ಸತ್ತ ಅನ್ನುತ್ತಾನೆ. ಅಲ್ಲಿಂದಾಚೆಗೆ ಒಬ್ಬೊಬ್ಬರೇ ಬಿಟ್ಟುಹೋಗುತ್ತಾರೆ. ಕೊನೆಗೆ ದೊರೆ ಒಬ್ಬನೇ ದೋಣಿ ಹತ್ತಿ ನೀರಿನ ಮೇಲೆ ಹೋಗಿಬಿಡುತ್ತಾನೆ.

"ಭಲೇ!" ಅಂದರು ಯಜಮಾನರು. ಕಣ್ಣು ಹೊಳೆಯುತ್ತಿತ್ತು. "ಕಿರೀಟ ಇಟ್ಕೊಳೋ ಸೀನ್‌ಗೆ ನಂದೇ ತಂದಿವ್ನಿ ಅಂತ ಯೋಳಮ್ಮಿ."

ಹೇಳಿದೆ. ಸಿಗ್ರಿಡ್ ಮುಖದಲ್ಲಿ ಗಲಿಬಿಲಿ. ಆಮೇಲೆ ಬಹಳ ಮೆಲ್ಲಗೆ, ತೋರ್ಗ್ರಿಮ್ ಪಾರ್ಟು ಊರಿನ ಔದುನ್ ಅನ್ನುವವರದು, ಹದಿನಾಲ್ಕು ವರ್ಷದಿಂದ ಅವರೇ ಮಾಡುತ್ತಿದ್ದಾರೆ ಅಂದರು. ದಕ್ಷಿಣದಿಂದ ಬರುವ ದೂತನ ಪಾರ್ಟೇ ಪ್ರತಿ ವರ್ಷ ಅತಿಥಿಗೆ. ಅತಿಥಿಯ ಭಾಷೆಯಲ್ಲೇ ನಾಲ್ಕು ಮಾತು. ದೊರೆಗೆ ಮಾತು ಅರ್ಥವಾಗುವುದಿಲ್ಲ, ಸುದ್ದಿ ಅರ್ಥವಾಗುತ್ತದೆ.

ಯಜಮಾನರು ಮನೆಗೆ ಬಂದು ಮಂಚದ ಮೇಲೆ ಕೂತರು. ಕಿರೀಟದ ಡಬ್ಬವನ್ನು ಮಂಚದ ಕೆಳಕ್ಕೆ ತಳ್ಳಿದರು.

"ದೂತ," ಅಂದರು. "ಸರ್ಕಲ್ನಲ್ಲಿ ಫ್ಲೆಕ್ಸ್ ನಿಂತದೆ. ಎಂಗಮ್ಮಿ ಮಕ ತೋರ್ಸ್ಲಿ? ಬೋರ ಸಾಯೋಗಂಟ ಆಡ್ಕತಾನೆ."

ಅಷ್ಟರಲ್ಲೇ ಬೋರೇಗೌಡರ ಫೋನು. ಕಿರೀಟ ಹಾಕಿಕೊಂಡ ಫೋಟೋ ಕಳಿಸು ಅಂತ. "ನೆಟ್‌ವರ್ಕ್ ಸರೀಗಿಲ್ಲ ಕಣ್ಲಾ," ಅಂದು ಇಟ್ಟುಬಿಟ್ಟರು. ಅಲ್ಲಿ ಬೆಟ್ಟದ ತುದಿಯಲ್ಲೂ ನೆಟ್‌ವರ್ಕ್ ಇದೆ. ಮೂವತ್ತು ವರ್ಷ ಹುಡುಗರಿಗೆ ನೆಟ್ಟಗೆ ನಿಲ್ಲುವುದನ್ನು ಕಲಿಸಿದ ಮನುಷ್ಯ ಹೀಗೊಂದು ಸುಳ್ಳು ಹೇಳುವುದೇ!

ಗುರುವಾರ, ರಿಹರ್ಸಲ್

ಆದರೂ ರಿಹರ್ಸಲಿಗೆ ಹೋದರು. ಹೋದವರು ಏನು ಮಾಡಿದರು ಅಂತೀರಿ! ನೆಲ ಅದುರುವ ಹಾಗೆ ಹೆಜ್ಜೆ ಹಾಕುತ್ತಾ ಬಂದು, ಮೂರು ಸುತ್ತು ಹೊಡೆದು, ಇಲ್ಲದ ಮೀಸೆ ತಿರುವಿ, ಜನ ಕೂರುವ ಕಡೆ ಎದೆಯೊಡ್ಡಿ ನಿಂತು, "ಎಲೈ ಉತ್ತರ ದೇಶದ ಅರಸನೇ, ಲಾಲಿಸು!" ಅಂತ ಶುರು ಮಾಡಿದರು. ಎದುರಿನ ಬೆಟ್ಟ ಅದನ್ನೇ ತಿರುಗಿ ಹೇಳಿತು. ಒಂದು ಪುಟ ಮಾತು, ಅದರ ಹಿಂದೆ ಒಂದು ಹಾಡನ್ನೂ ರೆಡಿ ಮಾಡಿಕೊಂಡಿದ್ದರು.

ಅಲ್ಲಿದ್ದವರು ಬಾಯಿ ಬಿಟ್ಟು ನೋಡಿದರು. ಸಿಗ್ರಿಡ್ ಹತ್ತಿರ ಬಂದು ಇಷ್ಟೇ ಹೇಳಿದರು. "ನೀವು ಎಷ್ಟೋ ವಾರ ನಡೆದು ಬಂದಿದ್ದೀರಿ. ಕಾಲು ನೋಯುತ್ತಿದೆ. ಹೇಳಲು ಮನಸ್ಸಿಲ್ಲದ ಸುದ್ದಿ ತಂದಿದ್ದೀರಿ."

"ಕಾಲ್ ನೋಯ್ತಿದ್ರೂ ಎಂಟ್ರಿ ಅಂತ ಒಂದ್ ಬೇಡ್ವಾ?" ಅಂತ ನನ್ನ ಕಡೆ ತಿರುಗಿದರು. ನಾನು ಇದನ್ನು ಇಂಗ್ಲಿಷಿಗೆ ತಿರುಗಿಸಲಿಲ್ಲ.

ಔದುನ್ ಕುರಿ ಸಾಕುವವರು. ಆಳು ಎತ್ತರ, ಮಾತು ಕಮ್ಮಿ. ರಿಹರ್ಸಲ್ ಮುಗಿದ ಮೇಲೆ ನಮ್ಮನ್ನು ತಮ್ಮ ಕುರಿಹಟ್ಟಿಗೆ ಕರೆದೊಯ್ದು ಕಾಫಿ ಕೊಟ್ಟರು. ಆಮೇಲೆ ನನ್ನ ಮೂಲಕ ಯಜಮಾನರನ್ನು ಒಂದು ಪ್ರಶ್ನೆ ಕೇಳಿದರು. "ನೀವೂ ರಾಜನ ಪಾರ್ಟು ಮಾಡುವವರಂತೆ. ತಮ್ಮ ಸತ್ತ ಸುದ್ದಿ ಬಂದಾಗ ನೀವು ಮುಖವನ್ನು ಏನು ಮಾಡುತ್ತೀರಿ? ನನಗೆ ಹದಿನಾಲ್ಕು ವರ್ಷದಿಂದ ಗೊತ್ತಾಗಿಲ್ಲ. ಅತಿಥಿ ಬರುತ್ತಾರೆ, ಏನೋ ಹೇಳುತ್ತಾರೆ. ಅವರು ಹೇಳಿ ಮುಗಿಸಲಿ ಅಂತ ಕಾಯುತ್ತಾ ನಿಂತಿರುತ್ತೇನೆ."

ಯಜಮಾನರು ತಕ್ಷಣ, "ನಾನ್ ಪದ ಆಡ್ತೀನಿ," ಅಂದರು. ಅಂದವರು ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟರು. ನಮ್ಮ ನಾಟಕದಲ್ಲಿ ಆ ರಾಜನಿಗೆ ತಮ್ಮಂದಿರು ಒಬ್ಬರಲ್ಲ ಇಬ್ಬರಲ್ಲ. ಆಟದುದ್ದಕ್ಕೂ ದೂತ ಬರುತ್ತಲೇ ಇರುತ್ತಾನೆ, ಅವರು ಸತ್ತರೆನ್ನುತ್ತಲೇ ಇರುತ್ತಾನೆ, ಇವರು ಜನರ ಕಡೆ ತಿರುಗಿ ಹಾಡುತ್ತಲೇ ಇರುತ್ತಾರೆ.

ದಾರಿಯಲ್ಲಿ ವಾಪಸು ಬರುವಾಗ ಕೇಳಿದರು. "ರತ್ನಾ, ನಮ್ ನಾಟಕ್ದಲ್ಲಿ ದೂತನ ಪಾರ್ಟು ಯಾರು ಮಾಡೋದು?"

"ಚಿಕ್ಕಣ್ಣ ಅಲ್ವಾ. ಡೈರಿ ಹತ್ರ ಸೈಕಲ್ ಸಾಪಿನೋನು. ಹದಿನೆಂಟು ವರ್ಸ ಆಯ್ತು."

"ಅವ್ನಾ?" ಅಂದರು. ಆ ಸಂಜೆ ಬರೆದುಕೊಂಡಿದ್ದ ಪುಟವನ್ನು ಬಿಚ್ಚಿ, ಒಂದೊಂದೇ ಸಾಲು ಹೊಡೆದು ಹಾಕುತ್ತಾ ಕೂತರು. ಹಾಡನ್ನು ಮಾತ್ರ ಹೊಡೆಯಲಿಲ್ಲ. ಕಾಗದ ಮಡಿಸಿ ಜೇಬಿನಲ್ಲಿಟ್ಟುಕೊಂಡರು. ಹಾಡಿಬಿಟ್ಟರೆ ಊರಿಗೆ ಹೇಳಿಕೊಳ್ಳಲು ಏನೋ ಒಂದಿರುತ್ತದೆ ಅಂತ ಅವರ ಆಸೆ. ಹಾಡಿದರೆ ಸಿಗ್ರಿಡ್ ಮುಖ ಹೇಗೆ ನೋಡುವುದು ಅಂತ ನನ್ನ ಭಯ.

ಶನಿವಾರ, ನಾಟಕ

ಸಂಜೆ ಆರಕ್ಕೆ ಶುರು. ಐದೂಮುಕ್ಕಾಲಿಗೆ ಸೋನೆ ಹಿಡಿಯಿತು. ಒಬ್ಬರೂ ಎದ್ದು ಹೋಗಲಿಲ್ಲ. ಎಲ್ಲರೂ ಚೀಲದಿಂದ ಪ್ಲಾಸ್ಟಿಕ್ ಗೊಪ್ಪೆ ತೆಗೆದು ಹಾಕಿಕೊಂಡು, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡರು. ಪಕ್ಕದ ಮುದುಕಿ ನನ್ನ ಕೆಳಗೆ ಒಂದು ಕುರಿಚರ್ಮ ಹಾಸಿಕೊಟ್ಟು, ನನ್ನ ಗೊಪ್ಪೆಯ ಗುಂಡಿಯನ್ನೂ ತಾನೇ ಹಾಕಿದಳು.

ಏನು ನಾಟಕ ಅಂತೀರಿ! ಮಂಜಿನೊಳಗಿಂದ ಮೂರು ದೋಣಿ ಹುಟ್ಟು ಹಾಕುತ್ತಾ ಬಂದವು. ತಮ್ಮನ ಪಾತ್ರದ ಹುಡುಗ ಹೋಗುತ್ತಾ ಹೋಗುತ್ತಾ ಅಣ್ಣನಿಗೆ ಕೈ ಬೀಸಿದ. ಭಾಷೆ ಒಂದಕ್ಷರ ಗೊತ್ತಿಲ್ಲದಿದ್ದರೂ ನನಗೆ, ಹೋಗಬೇಡವೋ ಅನ್ನುವ ಹಾಗಾಯಿತು. ಆದರೆ ಜನ? ಕೆಮ್ಮುವುದೂ ಇಲ್ಲ. ನಮ್ಮಲ್ಲಾದರೆ ಇಷ್ಟು ಹೊತ್ತಿಗೆ ಎಷ್ಟು ಶಿಳ್ಳೆ, ಎಷ್ಟು ಹಾರ.

ಔದುನ್ ಕಿರೀಟವನ್ನು ತಲೆಗಿಟ್ಟುಕೊಂಡರು. ಅವರದು ಬರೀ ಒಂದು ಕಬ್ಬಿಣದ ಬಳೆ. ಆಗ ಮೇಲಿನ ಕಲ್ಲುಗಳ ನಡುವಿನಿಂದ ಒಬ್ಬ ಮನುಷ್ಯ ಇಳಿದು ಬಂದ. ಒದ್ದೆ ಕಂಬಳಿ, ಕೈಯಲ್ಲೊಂದು ಕೋಲು, ಒಂದು ಕಾಲು ಎಳೆಯುತ್ತಿದ್ದಾನೆ. ಯಾರಪ್ಪಾ ಇದು ಅಂದುಕೊಂಡೆ. ದೇವರಾಣೆಗೂ ಒಂದು ಕ್ಷಣ ಗುರುತು ಸಿಗಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಬಣ್ಣವಿಲ್ಲದ ಮುಖದಲ್ಲಿ ಅವರನ್ನು ರಂಗದ ಮೇಲೆ ನೋಡಿದ್ದು ಅದೇ ಮೊದಲು.

ಜನರ ಕಡೆ ತಿರುಗಲೇ ಇಲ್ಲ. ದೊರೆಯ ಎದುರು ನಿಂತು, ಅವನ ಮುಖವನ್ನೇ ನೋಡುತ್ತಾ ಹೇಳಿದರು.

"ದೊರೆ, ನಾನು ತೆಂಕಲಿಂದ ಬಂದೆ. ನಿನ್ನ ತಮ್ಮ ಹೋದ. ನೀರು ಕೇಳ್ದ, ಕೊಟ್ಟೆ. ಅಣ್ಣನ್ನ ಕೇಳ್ದ, ನಾನ್ ಏನ್ ಕೊಡ್ಲಿ?"

ಅಷ್ಟೇ. ಹಾಡು ಬರಲಿಲ್ಲ. ತಿರುಗಿ ಕಲ್ಲು ಹತ್ತತೊಡಗಿದರು.

ಆಗ ಆ ಸದ್ದಿಲ್ಲದ ಬಯಲಿನಲ್ಲಿ ಯಾರೋ "ಒನ್ಸ್ ಮೋರ್!" ಅಂತ ಕೂಗಿದರು.

ಕೂಗಿದ್ದು ನಾನು.

ನಮ್ಮ ಕಡೆ ಇದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಒನ್ಸ್ ಮೋರ್ ಅಂದರೆ ಸತ್ತು ಬಿದ್ದ ರಾಜನೂ ಎದ್ದು ಧೂಳು ಕೊಡವಿ ಇನ್ನೊಂದು ಸಲ ಹಾಡಿ ಸಾಯಬೇಕು. ಆದರೆ ಮನೆಯ ಹೆಂಗಸರು ಕೂಗುವ ರೂಢಿ ಇಲ್ಲ. ನಮ್ಮೆಜಮಾನರಿಗೆ ನಾನೇ ಕೂಗುವುದೇ? ಇಷ್ಟು ವರ್ಷದಲ್ಲಿ ಒಂದು ಸಲವೂ ಕೂಗಿದವಳಲ್ಲ. ಇಲ್ಲಿ ಬಾಯಿ ತಾನೇ ತೆರೆದುಕೊಂಡಿತ್ತು. ಅಷ್ಟೂ ತಲೆಗಳು ನನ್ನ ಕಡೆ ತಿರುಗಿದವು. ಕೆಳಗೆ ಸಿಗ್ರಿಡ್ ಪುಸ್ತಕ ಹಿಡಿದು ಕಲ್ಲಿನಂತೆ ನಿಂತಿದ್ದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಯಜಮಾನರ ಕಾಲು ನಿಂತಿತು. ಅದು ರೂಢಿ, ಕಾಲಿಗೆ ಗೊತ್ತು. ಮತ್ತೆ ಮೇಲಿನ ಕಲ್ಲಿನವರೆಗೂ ಹೋದರು, ತಿರುಗಿದರು, ಅದೇ ಕಾಲನ್ನು ಎಳೆಯುತ್ತಾ ಇಳಿದು ಬಂದರು. ಅದೇ ನಾಲ್ಕು ಮಾತು. ಈ ಸಲ ಇನ್ನೂ ಮೆಲ್ಲಗೆ.

ಔದುನ್ ಆಗಲೇ ಮುಂದಿನ ಮಾತಿಗೆ ಕೈ ಎತ್ತಿದ್ದರು. ಎತ್ತಿದ ಕೈ ಹಾಗೇ ನಿಂತಿತು. ಒಂದು ಸಲ ಕೇಳಿ ದಾಟಿಸಿದ್ದ ಸುದ್ದಿ ಮತ್ತೆ ಬೆಟ್ಟ ಇಳಿದು ಬಂದು ಎದುರಿಗೆ ನಿಂತಿದೆ. ಮೊದಲ ಸಲ ದೊರೆಯಾಗಿ ಕೇಳಿದ್ದವರು ಈ ಸಲ ಅಣ್ಣನಾಗಿ ಕೇಳಿದರು. ಆ ಎತ್ತರದ ಆಳು ಒದ್ದೆ ಹುಲ್ಲಿನ ಮೇಲೆ ಕುಸಿದು ಕೂತರು. ಮುಖವನ್ನು ಅವರು ಏನೂ ಮಾಡಲಿಲ್ಲ, ಅದು ತಾನೇ ಆಯಿತು. ಪಕ್ಕದ ಮುದುಕಿ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡು ಬಿಕ್ಕಿದಳು.

ನಾಟಕ ಮುಗಿದ ಮೇಲೆ, ಬೈಸಿಕೊಳ್ಳಲು ತಯಾರಾಗಿ ನಾನೇ ಸಿಗ್ರಿಡ್ ಹತ್ತಿರ ಹೋದೆ. ಏನದು ಕೂಗಿದ್ದು ಅಂತ ಕೇಳಿದರು. ತೊದಲುತ್ತಾ ಹೇಳಿದೆ. ಅವರು ನನ್ನ ಎರಡೂ ಭುಜ ಹಿಡಿದು, "ನಾಳೆಯೂ ಕೂಗಿ. ಅದೇ ಜಾಗದಲ್ಲಿ," ಅಂದರು.

ನಾನು ಆಗುವುದಿಲ್ಲ ಅಂತ ತಲೆಯಾಡಿಸಿದೆ. ಹೇಳಿಸಿಕೊಂಡು ಕೂಗಿದರೆ ಅದು ಒನ್ಸ್ ಮೋರ್ ಅಲ್ಲ. ಇದು ಮಾತ್ರ ಇಂಗ್ಲಿಷಿನಲ್ಲಿ ಸರಾಗವಾಗಿ ಹೇಳಲು ಬಂತು. ಭಾನುವಾರ ನಾನೂ ಕೂಗಲಿಲ್ಲ, ಬೇರೆ ಯಾರೂ ಕೂಗಲಿಲ್ಲ. ನಾಟಕ ಚೆನ್ನಾಗಿಯೇ ನಡೆಯಿತು.

ಸೋಮವಾರ

ಬೆಳಿಗ್ಗೆ ನಾನು ಲೋಟ ತೊಳೆಯುತ್ತಿದ್ದಾಗ ಬೋರೇಗೌಡರ ಫೋನು ಬಂತು. ಯಜಮಾನರು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟರು.

"ಏನ್ಲಾ ಮಾರಾಜ, ಫೋಟೋ ಎಲ್ಲಿ? ಓಟ್ಲು ತುಂಬಾ ಜನ ಕೂತವ್ರೆ, ಕೇಳ್ತಾವ್ರೆ."

ನೆಟ್‌ವರ್ಕಿನ ಮಾತು ಬರುತ್ತದೆ ಅಂತ ನಾನು ನಲ್ಲಿ ಜೋರು ಮಾಡಿದೆ.

"ರಾಜ ಅಲ್ಲ ಕಣ್ಲಾ," ಅಂದರು ಯಜಮಾನರು. "ದೂತ."

ನಲ್ಲಿ ನಿಲ್ಲಿಸಿದೆ.

"ದೂತ್ನಾ? ಅಷ್ಟ್ ದೂರ ಓಗಿ ದೂತ್ನಾ?"

"ಊಂ. ನಾಕೇ ಮಾತು. ಬಂದೆ, ಯೋಳ್ದೆ, ಓದೆ. ಅಲ್ಲಿರೋರ್ಗೆಲ್ಲ ಯೋಳ್ಬುಡು."

"ಥೂ ನಿನ್ನ! ಓಗ್ಲಿ, ಒನ್ಸ್ ಮೋರ್ ಆದ್ರೂ ಅಂದ್ರೇನ್ಲಾ?"

"ಅಂದ್ರು."

"ಎಷ್ಟ್ ಜನ?"

"ಒಬ್ರು."

ಹೋಟೆಲಿನಲ್ಲಿ ಗೊಳ್ಳೆಂದು ನಕ್ಕದ್ದು ಇಲ್ಲಿಯವರೆಗೂ ಕೇಳಿಸಿತು. "ಒಬ್ರಾ! ಯಾರ್ಲಾ ಆ ಪುಣ್ಯಾತ್ಮರು?"

ಯಜಮಾನರು ನನ್ನ ಕಡೆ ನೋಡಿದರು. ನಾನು ಒರೆಸಿದ ಲೋಟವನ್ನೇ ಮತ್ತೆ ಒರೆಸಿದೆ.

"ಇಪ್ಪತ್ತೆರಡು ವರ್ಸದಿಂದ ಎದ್ರಿಗೇ ಕೂತು ನೋಡ್ತಾವ್ರೆ ಕಣ್ಲಾ," ಅಂದರು. "ಮೊನ್ನೆ ಅಂದ್ರು."